ಏಳು ವರ್ಷದ ರೊಟ್ಟಿ

ನಮ್ಮ ದೇವಾಲಯದಲ್ಲಿ ತಿಂಗಳ ಮೊದಲನೆಯ ಭಾನುವಾರ ಪ್ರಭುಭೋಜನ, ಸ್ವಾಮಿಯ ಕೊನೆಯ ಊಟದ ನೆನಪಿಗೆ ಚರ್ಚಿನ ಸಭೆಯವರೆಲ್ಲ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ. ರೊಟ್ಟಿ ಸಲೋಮಕ್ಕನ ಮನೆಯಿಂದ ಬರುತ್ತಿತ್ತು, ದ್ರಾಕ್ಷಾರಸ ನಮ್ಮ ಮನೆಯಿಂದ. ನಾವಿಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ರೊಟ್ಟಿಗೂ ರಸಕ್ಕೂ ಅದು ಗೊತ್ತಿರಲಿಲ್ಲ. ಅವು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅಕ್ಕಪಕ್ಕ ಇರುತ್ತಿದ್ದವು. ನಾನು ಎಡಗಡೆ ಬೆಂಚಿನಲ್ಲಿ, ಸಲೋಮಕ್ಕ ಬಲಗಡೆ ಬೆಂಚಿನಲ್ಲಿ ಕೂತು ಒಂದೇ ದೇವರನ್ನು ನೋಡುತ್ತಿದ್ದೆವು.

ನಾನು ಕರುಣಾಮಣಿ. ಚಾಮರಾಜಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ, ಜಗಳ ಆಡಬೇಡಿ, ಕೈ ಕುಲುಕಿ, ಎಂದು ಹೇಳಿ ಸಂಬಳ ತೆಗೆದುಕೊಂಡಿದ್ದೇನೆ. ನನಗೆ ಆ ಮಾತನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರ ಜೊತೆಗೂ ಜಗಳವಾಗುತ್ತಿತ್ತು.

ರಸ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಬೀಜವಿರುವ ಕಪ್ಪು ದ್ರಾಕ್ಷಿಯನ್ನು ಶುಕ್ರವಾರ ಮಾರ್ಕೆಟ್ಟಿನಿಂದ ತಂದು, ತೊಳೆದು, ಕುದಿಸಿ, ತೆಳು ಬಟ್ಟೆಯಲ್ಲಿ ಹಿಂಡಿ, ಸಕ್ಕರೆ ಹಾಕಿ, ಹಳೆಯ ಸ್ಕ್ವಾಶ್ ಬಾಟಲಿಗಳಿಗೆ ತುಂಬಬೇಕು. ಹುಳಿ ಬರಿಸದ ರಸ, ಕುಡಿದರೆ ಭಕ್ತಿ ಬಿಟ್ಟು ಬೇರೇನೂ ಏರುವುದಿಲ್ಲ. ಅದು ಕುದಿಯುವ ವಾಸನೆಗೆ ಪಕ್ಕದ ಮನೆಯ ಗಿರಿಜಾಂಬಾ ಕಾಂಪೌಂಡಿನ ಆಚೆಯಿಂದ, "ಏನ್ ಮಣಿಯವ್ರೇ, ನಿಮ್ ಪ್ರಸಾದ ರೆಡಿನಾ?" ಎಂದು ಕೇಳುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು. ನಮ್ಮ ಸಭೆಯ ಜಗಳ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಲೋಮಕ್ಕನ ರೊಟ್ಟಿ ಹನುಮಂತನಗರದಿಂದ ಬರುತ್ತಿತ್ತು. ದುಂಡನೆಯ ಅಲ್ಯೂಮಿನಿಯಂ ಓವನ್ನಿನಲ್ಲಿ ಸುಟ್ಟ ದಪ್ಪ ರೊಟ್ಟಿ, ಮೇಲೆ ಚಾಕುವಿನಿಂದ ಎಳೆದ ಶಿಲುಬೆ. ಒಳಗೆ ಒಂದಿಷ್ಟು ಸೋಂಪು ಹಾಕುತ್ತಿದ್ದರು. ಪ್ರಭುಭೋಜನದ ರೊಟ್ಟಿಗೆ ಸೋಂಪು ಹಾಕಬೇಕು ಎಂದು ಪ್ರಪಂಚದ ಯಾವ ಸಭೆಯಲ್ಲೂ ಇಲ್ಲ. ಮಾತಿದ್ದ ಕಾಲದಲ್ಲಿ ಹಾಗೆಂದು ಅವರಿಗೆ ಹೇಳಿಯೂ ಇದ್ದೆ. "ಸ್ವಾಮಿ ಬೇಡ ಅಂದಿದಾನಾ?" ಎಂದಿದ್ದರು.

ಜಗಳ ಆದದ್ದು ಎರಡು ಸಾವಿರದ ಒಂದರಲ್ಲಿ. ಸಭೆಯ ಕಾರ್ಯದರ್ಶಿ ಸ್ಥಾನಕ್ಕೆ ನಮ್ಮ ಯಜಮಾನರು ಜಯಕರ್ ನಿಂತರು. ಎದುರು ಇನ್ನೊಬ್ಬರು ನಿಂತರು. ಚೀಟಿಯಲ್ಲಿ ಮತದಾನ ನಡೆಯಿತು. ನಮ್ಮವರು ಒಂದೇ ಒಂದು ಮತದಿಂದ ಸೋತರು. ಹತ್ತು ಮತದಿಂದ ಸೋತಿದ್ದರೆ ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದರು. ಒಂದು ಮತ ಎಂದರೆ ಒಬ್ಬ ಮನುಷ್ಯ, ಆ ಮನುಷ್ಯನಿಗೆ ಒಂದು ಮುಖ ಇರಲೇಬೇಕು. ಯಜಮಾನರು ಜಗಲಿಯ ಮೇಲೆ ಕೂತು, "ಯಾರಿರ್ಬಹುದು ಮಣಿ, ಆ ಒಬ್ರು?" ಎಂದು ಕೇಳಿದರು. ಒಮ್ಮೆಯಲ್ಲ, ಒಂದು ವಾರ ಕೇಳಿದರು.

ಮತದಾನದ ಹಿಂದಿನ ವಾರ ಸಲೋಮಕ್ಕ ಗಂಡನ ಜೊತೆ ಎದುರು ಪಾರ್ಟಿಯವರ ಮನೆಯಲ್ಲಿ ಹುಟ್ಟುಹಬ್ಬದ ಬಿರಿಯಾನಿ ತಿಂದಿದ್ದರು. ಮತದಾನ ಮುಗಿದ ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ, ಎಲ್ಲರೂ ನಿಂತಿದ್ದಾಗ, ನಾನು ಅವರ ಮುಂದೆ ಹೋಗಿ ನಿಂತೆ. ಶಿಲುಬೆಗೇರುವ ಮುಂಚಿನ ಕೊನೆಯ ಊಟದಲ್ಲಿ ಸ್ವಾಮಿ ರೊಟ್ಟಿಯ ತುತ್ತನ್ನು ರಸದಲ್ಲಿ ಅದ್ದಿ ಒಬ್ಬ ಶಿಷ್ಯನ ಕೈಗೆ ಕೊಟ್ಟ, ಅದನ್ನು ತಿಂದು ಎದ್ದು ಹೋದವನೇ ಗುರುವನ್ನು ಹಿಡಿದುಕೊಟ್ಟ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾನು ಹೇಳಿದ್ದು ಇಷ್ಟೇ: "ಅದ್ದಿದ ತುತ್ತು ರುಚಿಯಾಗಿತ್ತಾ ಸಲೋಮಕ್ಕ?"

ಸಲೋಮಕ್ಕ ನನಗಿಂತ ಆರು ವರ್ಷ ದೊಡ್ಡವರು, ನನ್ನ ಮದುವೆಗೆ ಸೀರೆ ಉಡಿಸಿದವರು. "ಇವತ್ತಿಂದ ನಿನ್ ಮನೆ ಒಂದು ತೊಟ್ಟು ನೀರೂ ನನ್ ಗಂಟಲಲ್ಲಿ ಇಳಿಯಲ್ಲ ಕಣೆ," ಎಂದರು. ಅವರ ಜೊತೆ ಇದ್ದವರು ಬಲಗಡೆ ಬೆಂಚಿಗೆ ಹೋದರು, ನನ್ನ ಕಡೆಯವರು ಎಡಗಡೆ ಉಳಿದರು. ಕ್ರಿಸ್ಮಸ್ಸಿಗೆ ಎರಡು ಕ್ಯಾರಲ್ ತಂಡಗಳು ಒಂದೇ ಮನೆಯ ಬಾಗಿಲು ತಟ್ಟಿದವು. ಗೆದ್ದ ಕಾರ್ಯದರ್ಶಿ ಮರುವರ್ಷವೇ ಹೊಸೂರು ರಸ್ತೆಯಲ್ಲಿ ಸೈಟು ಕೊಂಡು ಬೇರೆ ಸಭೆಗೆ ಸೇರಿಕೊಂಡರು. ಅವರ ಹೆಸರು ಈಗ ಎರಡೂ ಬೆಂಚಿನವರಿಗೆ ನೆನಪಿಲ್ಲ.

ಈ ಜಗಳದಲ್ಲಿ ಒಂದು ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ನಾನು ಪ್ರಾರ್ಥನೆಯಲ್ಲಿ ಕೂಡ ಎತ್ತುತ್ತಿರಲಿಲ್ಲ. ಆಮೇಲೆ ಹೇಳುತ್ತೇನೆ.

ನಮ್ಮ ಗಂಡಂದಿರು ಮಾತ್ರ ಬೇಗ ರಾಜಿಯಾದರು. ಆರೇ ತಿಂಗಳಲ್ಲಿ ಇಬ್ಬರೂ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಗಾಂಧಿಬಜಾರಿನಲ್ಲಿ ಜೊತೆಗೆ ಕಾಫಿ ಕುಡಿಯುತ್ತಿದ್ದರೆಂದು ನನಗೆ ತಿಳಿದದ್ದು ಯಜಮಾನರು ತೀರಿಕೊಂಡ ಮೇಲೆ. ಅವರು ಎರಡು ಸಾವಿರದ ನಾಲ್ಕರಲ್ಲಿ ಹೋದರು, ಸಲೋಮಕ್ಕನ ಯಜಮಾನರು ಮರುವರ್ಷ. ಇಬ್ಬರೂ ಸೇರಿ ಜಗಳವನ್ನು ನಮಗೆ ಬಿಟ್ಟು ಹೋದರು.

ರೊಟ್ಟಿ ಸುಡುವುದನ್ನು ಅವರು ಬಿಡಲಿಲ್ಲ, ರಸ ಮಾಡುವುದನ್ನು ನಾನೂ ಬಿಡಲಿಲ್ಲ. ನಾನು ಬಿಟ್ಟರೆ ರಸವನ್ನೂ ಅವರೇ ಮಾಡಿಬಿಡುತ್ತಾರೆ ಎಂಬ ಭಯ ನನಗಿತ್ತು. ಇದಕ್ಕೆ ಜನ ಸೇವೆ ಎನ್ನುತ್ತಿದ್ದರು.

ಈಗ ನನ್ನ ತಪ್ಪು. ಆ ಜಗಳದ ನಂತರದ ಮೊದಲ ಪ್ರಭುಭೋಜನದಲ್ಲಿ ನಾನು ಮೇಜಿನ ಮುಂದಿನ ಕಟಕಟೆಗೆ ಮೊಣಕಾಲೂರಿದೆ. ಪಾದ್ರಿ ಅಯ್ಯನವರು ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟರು. ಸೋಂಪಿನ ವಾಸನೆ ಬಂತು. ತಿನ್ನಲು ಆಗಲಿಲ್ಲ. ಕೈಯನ್ನು ಬಾಯಿಯ ಹತ್ತಿರ ಒಯ್ದು, ಹಾಗೇ ಕೆಳಗಿಳಿಸಿ, ಚೂರನ್ನು ಕರವಸ್ತ್ರದಲ್ಲಿ ಸೇರಿಸಿಕೊಂಡೆ. ರಸ ಮಾತ್ರ ಕುಡಿದೆ. ಅದು ನನ್ನದೇ ಅಲ್ಲವೇ.

ಮನೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ಪ್ರಾರ್ಥನೆ ಮಾಡಿ ಮುರಿದ ರೊಟ್ಟಿ, ಎಸೆಯುವ ಹಾಗಿಲ್ಲ, ಕಾಗೆಗೆ ಹಾಕುವ ಹಾಗಿಲ್ಲ. ತಿನ್ನುವುದಂತೂ ಆಗದ ಮಾತು. ಒಂದು ಹಾರ್ಲಿಕ್ಸ್ ಡಬ್ಬಿಗೆ ಹಾಕಿ, ಹುಳ ಬೀಳದಿರಲೆಂದು ನಾಲ್ಕು ಲವಂಗ ಸೇರಿಸಿ, ಬೀರುವಿನಲ್ಲಿಟ್ಟೆ. ಮುಂದಿನ ತಿಂಗಳು ಇನ್ನೊಂದು ಚೂರು ಬಂತು. ಹೀಗೆ ಏಳು ವರ್ಷ. ಪ್ರತಿ ಸಲವೂ ಈ ಬಾರಿ ತಿಂದುಬಿಡೋಣ ಎಂದುಕೊಂಡು ಹೋಗುತ್ತಿದ್ದೆ. ಡಬ್ಬಿ ಮುಕ್ಕಾಲು ತುಂಬಿತು. ಬೀರು ತೆಗೆದಾಗಲೆಲ್ಲ ಅದು ಕಾಣುತ್ತಿತ್ತು, ಆಮೇಲೆ ಅದರ ಮುಂದೆ ಒಂದು ಶಾಲು ಇಟ್ಟೆ.

ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ಕರಾವಳಿಯ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ಸುದ್ದಿ ಟಿವಿಯಲ್ಲಿ ದಿನವಿಡೀ ಬರತೊಡಗಿತು. ಒಡೆದ ಗಾಜು, ಅಳುವ ಹೆಂಗಸರು, ಮತ್ತೆ ಅದೇ ಗಾಜು. ಗಿರಿಜಾಂಬಾ ಬಂದು, "ಒಬ್ರೇ ಇರ್ಬೇಡಿ, ನಮ್ಮನೆಗೆ ಬಂದ್ಬಿಡಿ. ಯಾರ್ ಬರ್ತಾರೋ ನಾನೂ ನೋಡ್ತೀನಿ," ಎಂದರು. ಅವರಿಗೆ ಎಪ್ಪತ್ತು ವರ್ಷ, ಮಂಡಿ ನೋವು. ಆದರೂ ನನಗೆ ಧೈರ್ಯ ಬಂತು. ಚಾಮರಾಜಪೇಟೆಯಲ್ಲಿ ಏನೂ ಆಗಲಿಲ್ಲ, ಆದರೆ ಆಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಅಕ್ಟೋಬರಿನ ಮೊದಲ ಶುಕ್ರವಾರ ನಮ್ಮ ಸಭಾಪಾಲಕರಾದ ಸುವಾರ್ತಪ್ಪ ಅಯ್ಯನವರು ಫೋನ್ ಮಾಡಿದರು.

"ಮಣಿ ಅಮ್ಮಾ, ಈ ಭಾನುವಾರ ಗಂಟೆ ಹೊಡೆಯೋದು ಬೇಡ ಅಂತ ನಂಜಪ್ಪಂಗೆ ಹೇಳಿದೀನಿ. ಗೇಟಲ್ಲಿ ಪೊಲೀಸ್ ಇರ್ತಾರೆ. ನೀವು ರಸ ಸ್ವಲ್ಪ ಕಮ್ಮಿ ಮಾಡಿ, ಜನ ಬರೋದು ಡೌಟು."

ನಾನು ಕಡಿಮೆ ಮಾಡಲಿಲ್ಲ. ದ್ರಾಕ್ಷಿ ಕುದಿಯುವಾಗ ಪಕ್ಕದಲ್ಲಿ ನಿಂತು ಯೋಚಿಸಿದೆ. ನಾಡಿದ್ದು ಯಾರೋ ಒಬ್ಬ ಕಲ್ಲು ಹೊಡೆದು ನಾನು ಸತ್ತರೆ, ಕ್ರೈಸ್ತಳು ಎಂಬ ಕಾರಣಕ್ಕೆ ಸಾಯುತ್ತೇನೆ. ಏಳು ವರ್ಷದಿಂದ ಸ್ವಾಮಿಯ ರೊಟ್ಟಿಯನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿಟ್ಟ ಕ್ರೈಸ್ತಳು. ಕಲ್ಲು ಹೊಡೆಯುವವನಿಗೆ ನಾನು ಕ್ರೈಸ್ತಳೆಂದು ಖಾತ್ರಿ ಇರುತ್ತದೆ, ನನಗೇ ಇಲ್ಲ. ಅದನ್ನು ನೆನೆದು ಅಳು ಬಂತು. ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ. ಆಮೇಲೆ ಬೀರು ತೆಗೆದು, ಶಾಲು ಸರಿಸಿ, ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಅಯ್ಯನವರ ಕೈಗೆ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡೋಣ ಎಂದುಕೊಂಡೆ.

ಭಾನುವಾರ ಗೇಟಿನಲ್ಲಿ ಸಂಡೇ ಸ್ಕೂಲಿನ ಮಕ್ಕಳ ಮೇಜನ್ನು ಹಾಕಿಕೊಂಡು ಒಬ್ಬ ಕಾನ್‌ಸ್ಟೇಬಲ್ ಕೂತಿದ್ದ. ಎದೆಯ ಮೇಲೆ ಬೈರಯ್ಯ ಎಂಬ ಹೆಸರಿತ್ತು. ಬಂದವರ ಚೀಲವನ್ನೆಲ್ಲ ತೆಗೆದು ನೋಡಿ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ನನ್ನ ಬಾಟಲಿಗಳನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ಡಬ್ಬಿಯನ್ನು ಅಲ್ಲಾಡಿಸಿದ. ಗಲಗಲ ಎಂದಿತು. ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದ.

"ಏನ್ ಮೇಡಂ ಇದು?"

"ರೊಟ್ಟಿ."

"ಕಲ್ಲಿದ್ದಂಗಿದೆ. ಎಷ್ಟ್ ದಿನದ್ದು?"

"ಏಳು ವರ್ಷದ್ದು."

ಬೈರಯ್ಯ ಪೆನ್ನು ಕೆಳಗಿಟ್ಟ. "ಎಸೀಬಾರ್ದಾ?"

"ಎಸೆಯೋ ಹಾಗಿಲ್ಲ."

"ಹಂಗಾದ್ರೆ ತಿನ್ಬೇಕಿತ್ತು."

"ಅದನ್ನೇ ನಾನೂ ಹೇಳ್ಬೇಕು ಅಂತ ಬಂದಿದೀನಪ್ಪಾ."

"ಅದು ನಂದು," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದೆ. ಸಲೋಮಕ್ಕ ಸ್ಟೀಲ್ ಡಬ್ಬಿಯಲ್ಲಿ ಆ ದಿನದ ರೊಟ್ಟಿ ಹಿಡಿದುಕೊಂಡು ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದರು. ಬಿಳಿ ಸೀರೆ, ಮೊದಲಿಗಿಂತ ಬಗ್ಗಿದ ಬೆನ್ನು. ಅವರ ಕಣ್ಣು ಮೇಜಿನ ಮೇಲಿತ್ತು. ಒಂದು ಚೂರು ಎತ್ತಿಕೊಂಡು ಮೂಸಿದರು. ಸೋಂಪು ಇತ್ತಲ್ಲ, ಮತ್ತೆ ಹೇಳುವುದೇನು. ಇಷ್ಟು ಚೂರುಗಳು ಎಲ್ಲಿಂದ ಬಂದವು, ಯಾಕೆ ಉಳಿದವು, ಎಲ್ಲವೂ ಅವರಿಗೆ ಅಲ್ಲೇ ತಿಳಿಯಿತು. ಅವರ ಮುಖ ನೋಡಿದಾಗ ನನಗೆ ಅಂಗಳದ ಆ ಭಾನುವಾರಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಮೇಡಂ, ಯಾರದು ಅಂತ ಒಬ್ರು ಹೇಳಿ. ಬರ್ಕೋಬೇಕು," ಎಂದ ಬೈರಯ್ಯ.

ನಾನು ಚೂರುಗಳನ್ನು ಮತ್ತೆ ಡಬ್ಬಿಗೆ ತುಂಬತೊಡಗಿದೆ. ಅವನು "ಒಣ ರೊಟ್ಟಿ, ಒಂದು ಡಬ್ಬಿ, ಚರ್ಚಿಗೆ ಸೇರಿದ್ದು" ಎಂದು ಬರೆದುಕೊಂಡು ನಮ್ಮನ್ನು ಒಳಗೆ ಬಿಟ್ಟ.

ನೂರಿಪ್ಪತ್ತು ಜನ ಬರುವ ದೇವಾಲಯಕ್ಕೆ ಅಂದು ಅಯ್ಯನವರನ್ನೂ ಸೇರಿಸಿ ಹದಿಮೂರು ಜನ ಬಂದಿದ್ದರು. ಅಯ್ಯನವರು, "ಎಲ್ಲಾರೂ ಮುಂದೆ ಬನ್ನಿ, ಒಂದೇ ಕಡೆ ಕೂತ್ಕೊಳ್ಳಿ, ಕಿಟಕಿಯಿಂದ ದೂರ ಇರಿ," ಎಂದರು. ಏಳು ವರ್ಷದಿಂದ ಪ್ರಸಂಗ ಮಾಡಿ ಆಗದ ಕೆಲಸ ಕಿಟಕಿಯ ಭಯದಿಂದ ಆಯಿತು. ಎಡಗಡೆ ಬೆಂಚಿನವರೂ ಬಲಗಡೆ ಬೆಂಚಿನವರೂ ನಡುವಿನ ಎರಡು ಬೆಂಚುಗಳಲ್ಲಿ ತುಂಬಿಕೊಂಡೆವು. ಕೊನೆಗೆ ಬಂದವರು ನಾವಿಬ್ಬರು, ಆದ್ದರಿಂದ ನನ್ನ ಪಕ್ಕದ ಜಾಗವೇ ಸಲೋಮಕ್ಕನಿಗೆ ಉಳಿದಿತ್ತು.

ಪ್ರಭುಭೋಜನಕ್ಕೆ ಮೊದಲು ನಮ್ಮಲ್ಲಿ ಸಮಾಧಾನ ಹಂಚುತ್ತಾರೆ. ಅಯ್ಯನವರು ಒಬ್ಬರ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದು ಸಮಾಧಾನ ಕೊಡುತ್ತಾರೆ, ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ಹಿಂದೆಲ್ಲ ಅದು ಎಡಗಡೆ ಒಂದು, ಬಲಗಡೆ ಒಂದು ಎಂದು ಬೇರೆ ಬೇರೆ ಹೊರಡುತ್ತಿತ್ತು, ನಡುವೆ ದಾಟುತ್ತಿರಲಿಲ್ಲ. ಅಂದು ಒಂದೇ ಹೊರಟಿತು. ಗಂಟೆ ಹೊಡೆಯುವ ನಂಜಪ್ಪ, ಹೊಡೆಯಲು ಗಂಟೆಯಿಲ್ಲದ ಬೇಸರದಲ್ಲಿ, ನನಗೆ ಕೊಟ್ಟ. ನಾನು ತಿರುಗಿ ಸಲೋಮಕ್ಕನ ಕಡೆ ಕೈ ಚಾಚಿದೆ.

ಅವರು ಕೈಯನ್ನು ನೋಡಿದರು. "ಲವಂಗ ಯಾಕೆ ಹಾಕಿದ್ದೆ?" ಎಂದರು. ಏಳು ವರ್ಷದ ಮೊದಲ ಮಾತು.

"ಹುಳ ಬೀಳ್ದೆ ಇರ್ಲಿ ಅಂತ."

ಸ್ವಲ್ಪ ಹೊತ್ತು ಯೋಚಿಸಿದರು. ಅದು ಸರಿಯಾದ ಕೆಲಸವೆಂದು ಅವರಿಗೆ ಕಂಡಿರಬೇಕು, ಯಾಕೆಂದರೆ ಕೈ ಹಿಡಿದುಕೊಂಡರು. ಅವರ ಕೈಯಲ್ಲಿ ಓವನ್ನಿನ ಬಿಸಿ ತಗುಲಿ ಸುಟ್ಟ ಹಳೆಯ ಕಲೆ ಹಾಗೇ ಇತ್ತು.

ಕಟಕಟೆಗೆ ಅಯ್ಯನವರನ್ನು ಬಿಟ್ಟು ಹನ್ನೆರಡು ಜನರೂ ಒಂದೇ ಸಾಲಿನಲ್ಲಿ ಹೋದೆವು. ರೊಟ್ಟಿ ಬಂತು. ಸಲೋಮಕ್ಕ ತಲೆ ಬಗ್ಗಿಸದೆ ನನ್ನನ್ನೇ ನೋಡುತ್ತಿದ್ದರು, ಪರೀಕ್ಷೆಯ ಹಾಲಿನಲ್ಲಿ ನಾನು ಮಕ್ಕಳನ್ನು ನೋಡುತ್ತಿದ್ದ ಹಾಗೆ. ಬಾಯಿಗೆ ಹಾಕಿಕೊಂಡೆ. ಅಗಿದೆ. ಸೋಂಪು ಹಲ್ಲಿಗೆ ಸಿಕ್ಕಿತು. ಹೇಳಲು ಬೇಸರ, ಆದರೆ ಚೆನ್ನಾಗಿತ್ತು.

ಆಮೇಲೆ ಬಟ್ಟಲು ಬಂತು. ನಮ್ಮಲ್ಲಿ ಎಲ್ಲರಿಗೂ ಒಂದೇ ಬಟ್ಟಲು, ಅಯ್ಯನವರೇ ಹಿಡಿದು ಕುಡಿಸುತ್ತಾರೆ. ನಾನು ಕುಡಿದೆ. ಪಕ್ಕಕ್ಕೆ ಹೋಯಿತು. ಏಳು ವರ್ಷ ಆ ಹೊತ್ತಿನಲ್ಲಿ ನಾನು ನನ್ನ ಕರವಸ್ತ್ರ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಅಂದು ನೋಡಿದೆ. ಅಯ್ಯನವರು ಬಟ್ಟಲನ್ನು ಸಲೋಮಕ್ಕನ ತುಟಿಗೆ ತಾಗಿಸಿ ಬಗ್ಗಿಸಿದರು. ತುಟಿ ಗಟ್ಟಿಯಾಗಿ ಮುಚ್ಚಿಯೇ ಇತ್ತು. ರಸ ತುಟಿಯ ಹೊರಗೇ ತಾಗಿ ಹಿಂದಕ್ಕೆ ಹೋಯಿತು. ಅವರು ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. ಆ ಬಿಳಿ ಸೆರಗಿನ ತುದಿಯಲ್ಲಿ ಹಳೆಯ ನೇರಳೆ ಕಲೆಗಳು ಒಂದರ ಮೇಲೊಂದು ಇದ್ದವು.

ಒಂದು ತೊಟ್ಟೂ ಇಳಿಯಲ್ಲ ಎಂದಿದ್ದರಲ್ಲ, ಮಾತಿಗೆ ತಪ್ಪಿರಲಿಲ್ಲ. ನಾನು ರಸ ಮಾತ್ರ ತೆಗೆದುಕೊಂಡಿದ್ದೆ, ಅವರು ರೊಟ್ಟಿ ಮಾತ್ರ. ಇಬ್ಬರನ್ನೂ ಸೇರಿಸಿದರೆ ಒಬ್ಬ ಕ್ರೈಸ್ತಳು ಆಗುತ್ತಿದ್ದಳು.

ಅಯ್ಯನವರು ಮುಂದಿನವರ ಕಡೆ ಹೊರಟಿದ್ದರು. ನಾನು ಶಾಲೆಯ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಬಾಯಿ ತೆಗೀರಿ ಅಕ್ಕ," ಎಂದೆ.

ಸುವಾರ್ತಪ್ಪ ಅಯ್ಯನವರು ನಿಂತರು. ಸಂಸ್ಕಾರದ ಕ್ರಮದಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಸಲೋಮಕ್ಕ ನನ್ನತ್ತ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಬಾಯಿ ತೆಗೆದರು. ಬಟ್ಟಲು ಹಿಂದಕ್ಕೆ ಬಂತು. ದೊಡ್ಡ ಗುಟುಕನ್ನೇ ನುಂಗಿದರು.

"ಸಕ್ಕರೆ ಜಾಸ್ತಿ," ಎಂದರು.

ಆರಾಧನೆ ಮುಗಿದ ಮೇಲೆ ಅಯ್ಯನವರ ಕೋಣೆಗೆ ಡಬ್ಬಿ ತೆಗೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಸಲೋಮಕ್ಕ ಬಾಗಿಲಲ್ಲಿ ನಿಂತಿದ್ದರು. ಅಯ್ಯನವರು ಡಬ್ಬಿಯೊಳಗೆ ಇಣುಕಿದರು.

"ಉಳಿದದ್ದನ್ನ ಸಭೆಯವ್ರೇ ತಿಂದು ಮುಗಿಸ್ಬೇಕು, ಅದು ನಿಯಮ," ಎಂದು ಒಂದು ಚೂರು ಬಾಯಿಗೆ ಹಾಕಿಕೊಂಡು ಕಚ್ಚಿದರು. ಕಟ್ ಎಂದಿತು. ಕೆನ್ನೆ ಹಿಡಿದುಕೊಂಡು, "ನಂಗೆ ಹಲ್ಲಿನ ತೊಂದ್ರೆ ಇದೆಯಮ್ಮಾ. ನೀವಿಬ್ರೂ ಕೂತು ಮುಗಿಸಿ," ಎಂದು ಹೊರಗೆ ಹೋದರು.

ಕಡಿಮೆ ಮಾಡದ ರಸ ಬೇಕಾದಷ್ಟು ಉಳಿದಿತ್ತು. ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಹಳೆಯ ಹಾಡಿನ ಪುಸ್ತಕಗಳ ಮಧ್ಯೆ ಬೆಂಚಿನ ಮೇಲೆ ಕೂತೆವು. ಚೂರನ್ನು ಅದ್ದಿ, ನೆನೆಯಲು ಬಿಟ್ಟು, ತಿನ್ನಬೇಕು. ಅವರು ಒಂದು, ನಾನು ಒಂದು. ಮಾತಿಲ್ಲದೆ ಎರಡು ವರ್ಷದಷ್ಟು ತಿಂದಿರಬಹುದು.

"ಮಣಿ," ಎಂದರು ಸಲೋಮಕ್ಕ, ಲೋಟ ನೋಡುತ್ತಾ. "ನಾನು ಜಯಕರಣ್ಣಂಗೇ ಹಾಕಿದ್ದೆ ಕಣೆ. ನಮ್ಮವರೂ ಅಷ್ಟೇ. ಬಿರಿಯಾನಿ ತಿಂದಿದ್ದು ನಿಜ. ವೋಟು ಹಾಕಿದ್ದು ಜಯಕರಣ್ಣಂಗೇ."

"ಅವ್ರು ಸೋತಿದ್ದು ನಿಮ್ಮಿಂದ ಅಲ್ಲ ಅಂತ ಗೊತ್ತು," ಎಂದೆ.

"ಹೆಂಗೆ ಗೊತ್ತು?"

ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇಲ್ಲಿಗೆ ಬಂತು. ಡಬ್ಬಿಯನ್ನು ಅಯ್ಯನವರಿಗೆ ಕೊಡುವುದು ಸುಲಭವಾಗಿತ್ತು.

"ಆ ಒಂದು ವೋಟು ನಂದು," ಎಂದೆ. "ನಾನು ಅವ್ರಿಗೆ ಹಾಕ್ಲಿಲ್ಲ ಅಕ್ಕ. ಸೆಕ್ರೆಟರಿ ಆದ್ರೆ ದಿನಾ ಮನೆಗೆ ಹತ್ತು ಜನ, ಹತ್ತು ಕಾಫಿ. ನಂಗೆ ಬೇಡ ಅನ್ನಿಸ್ತು. ಒಂದು ವೋಟಿಂದ ಏನಾಗತ್ತೆ ಅಂದ್ಕೊಂಡೆ. ಆಮೇಲೆ ಅವ್ರು ಯಾರಿರ್ಬಹುದು, ಯಾರಿರ್ಬಹುದು ಅಂತ ಕೇಳ್ತಾನೇ ಇದ್ರು. ಯಾರದಾದ್ರೂ ಹೆಸರು ಹೇಳ್ಬೇಕಿತ್ತು."

ಹೊರಗೆ ಬೈರಯ್ಯನೂ ನಂಜಪ್ಪನೂ ಮೇಜನ್ನು ಎಳೆದು ಒಳಗಿಡುವ ಸದ್ದು ಕೇಳುತ್ತಿತ್ತು. ನನ್ನ ಯಜಮಾನರು ಸಾಯುವವರೆಗೂ ಆ ಪ್ರಶ್ನೆಗೆ ತಪ್ಪು ಉತ್ತರ ಇಟ್ಟುಕೊಂಡಿದ್ದರು. ಆದರೂ ಆ ತಪ್ಪು ಉತ್ತರದ ಮನೆಯವನ ಜೊತೆ ಕೂತು ಕಾಫಿ ಕುಡಿದಿದ್ದರು. ನಾನು ಅಳುತ್ತಿದ್ದೆ, ಮೂಗು ಸೋರುತ್ತಿತ್ತು, ಕರವಸ್ತ್ರ ತೆಗೆಯಲು ನಾಚಿಕೆಯಾಯಿತು.

ಸಲೋಮಕ್ಕ ಡಬ್ಬಿಗೆ ಕೈ ಹಾಕಿ ಒಂದು ಚೂರು ತೆಗೆದರು. ಅದಕ್ಕೆ ಅಂಟಿದ್ದ ಲವಂಗವನ್ನು ಉಗುರಿನಿಂದ ಬಿಡಿಸಿದರು. ಲೋಟದಲ್ಲಿ ಅದ್ದಿ, ಸಾಕಷ್ಟು ಮೆತ್ತಗಾಗುವವರೆಗೆ ಹಿಡಿದಿದ್ದು, ನನ್ನ ಮುಂದೆ ಚಾಚಿದರು. ಅದ್ದಿದ ತುತ್ತನ್ನು ಸ್ವಾಮಿ ಯಾರಿಗೆ ಕೊಟ್ಟ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಎಂಥವನೆಂದು ತಿಳಿದೂ ಕೊಟ್ಟಿದ್ದ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

"ಬಾಯಿ ತೆಗಿ," ಎಂದರು ಸಲೋಮಕ್ಕ.

ತೆಗೆದೆ.